ಬಟ್ಟಲಿಗೆ ಬಾಯಿ ಹಚ್ಚಿದವರು

“ವೈನ್ ಕುಡಿದವರು ಬರೇ ನಾಕು ಮಂದಿ ಅಂತ. ಅವರಿಗೆ ಗುಳಿಗಿ ಕೊಟ್ಟು ಬಂದೆ,” ಎನ್ನುತ್ತ ಖತೀಜಾ ಕಾರಿನೊಳಗೆ ಕುಸಿದು ಕೂತಳು. ಕಾಲು ಸೇದುತ್ತಿದ್ದವು. ಈ ವಾರವೆಲ್ಲ ಕಾಲೇಜಿನ ಆರೋಗ್ಯ ಕೇಂದ್ರದ ನರ್ಸುಗಳಿಗೆ ಹೊತ್ತಿಗೆ ಸರಿಯಾಗಿ ಊಟವಿಲ್ಲ, ಕಣ್ತುಂಬ ನಿದ್ದೆಯಿಲ್ಲ. ಮೆನಿಂಜೈಟಿಸ್ ಎಂಬ ಹಾಳು ಮಿದುಳುಜ್ವರ ಕ್ಯಾಂಪಸ್ಸನ್ನು ಹೊಕ್ಕಿತ್ತು. ಹಾಸ್ಟೆಲಿನ ಹುಡುಗನೊಬ್ಬ ಸತ್ತೇಹೋಗಿದ್ದ. ಇವತ್ತು ಬೆಳಗ್ಗೆ ಯೆಹೂದಿ ವಿದ್ಯಾರ್ಥಿಗಳು ಒಟ್ಟಿಗೆ ವಾಸವಿದ್ದ ಮನೆಯಿಂದ ಇನ್ನೊಬ್ಬನನ್ನು ಆಸ್ಪತ್ರೆಗೆ ಸೇರಿಸಿದ್ದರು.

ಆ ಮನೆಯಲ್ಲಿ ಪ್ರತಿ ಶುಕ್ರವಾರ ಸಂಜೆ ಸಬ್ಬತ್ತಿನ, ಅಂದರೆ ಯೆಹೂದಿಗಳ ವಾರದ ವಿಶ್ರಾಂತಿ ದಿನದ, ಊಟ. ವೈನ್ ತುಂಬಿದ ಒಂದೇ ಬೆಳ್ಳಿ ಬಟ್ಟಲು ಪ್ರಾರ್ಥನೆಯ ನಂತರ ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರೂ ಒಂದೊಂದು ಗುಟುಕು. ಈ ರೋಗಕ್ಕೆ ಎಂಜಲೇ ದಾರಿ. ಬಟ್ಟಲಿಗೆ ಬಾಯಿ ಹಚ್ಚಿದವರಿಗೆ ಮಾತ್ರ ರೋಗ ತಡೆಯುವ ಗುಳಿಗೆ ಕೊಡಿ ಎಂದು ಡಾಕ್ಟರು ಹೇಳಿದ್ದರು. ಖತೀಜಾ ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು, ಹೋದ ಶುಕ್ರವಾರ ವೈನ್ ಕುಡಿದಿರಾ ಎಂದು ಕೇಳಿ ಬಂದಿದ್ದಳು.

ತಾನು ಕೆಲಸಕ್ಕಿದ್ದ ಡಾಟ್‌ಕಾಮ್ ಕಂಪನಿ ಬಾಗಿಲು ಹಾಕಿಕೊಂಡ ಮೇಲೆ ಹೆಂಡತಿಯನ್ನು ಸ್ಯಾನ್ ರಮೋನಿನ ಮನೆಯಿಂದ ಕಾಲೇಜಿಗೆ ಕರೆತಂದು ಕರೆದೊಯ್ಯುವುದೇ ಕಮರುದ್ದೀನನ ನೌಕರಿಯಾಗಿತ್ತು. ಫ್ರೀವೇ ಏರಿದವನೇ ನಕ್ಕ.

“ಎಷ್ಟು ವಯಸ್ಸಿನವ್ರು ಅವರು?”

“ಹದಿನೆಂಟು, ಹತ್ತೊಂಬತ್ತು. ಒಂದಿಬ್ಬರು ದೊಡ್ಡವರು. ಯಾಕ್ರೀ?”

“ಇಪ್ಪತ್ತೊಂದು ತುಂಬದೆ ಕುಡಿದ್ರ ಇಲ್ಲಿ ಕೇಸು ಬೀಳ್ತೈತಿ. ಮ್ಯಾಲೆ ಕಾಲೇಜಿನ ನರ್ಸು, ತಲಿಗೆ ಸ್ಕಾರ್ಫು ಕಟ್ಕೊಂಡಾಕಿ, ಪೆನ್ನು ಹಿಡಕೊಂಡು ಎದುರಿಗೇ ಕುಂತು ಕೇಳ್ತಾಳ. ನಾನಾಗಿದ್ರ ನೀರೂ ಕುಡದಿಲ್ಲ ಅಂತಿದ್ದೆ!”

ಖತೀಜಾ ಚೀಲದಿಂದ ಪಟ್ಟಿ ತೆಗೆದು ನೋಡಿದಳು. ಹೌದೆಂದ ನಾಲ್ವರೂ ದೊಡ್ಡ ಕ್ಲಾಸಿನವರೇ. ಸಣ್ಣವರೆಲ್ಲ ನೆಲ ನೋಡುತ್ತ ಇಲ್ಲ ಅಂದಿದ್ದರು. ಅವಳು ತಡಬಡಿಸಿ ಆ ಮನೆಗೆ ಫೋನು ಹಚ್ಚಿದಳು. ಗಂಟೆ ಹೊಡೆದೇ ಹೊಡೆಯಿತು, ಎತ್ತುವವರಿಲ್ಲ. ಇವತ್ತೂ ಶುಕ್ರವಾರ, ಹೊತ್ತು ಮುಳುಗಿತ್ತು. ಸಬ್ಬತ್ ಶುರುವಾದರೆ ಅವರು ನಾಳೆ ಕತ್ತಲಾಗುವ ತನಕ ಫೋನು ಮುಟ್ಟುವವರಲ್ಲ.

“ಗಾಡಿ ತಿರುಗಸ್ರಿ.”

“ಈ ಟ್ರಾಫಿಕ್ಕಿನಾಗ? ನಾಳೆ ಹೋದ್ರ ಆಗೂದಿಲ್ಲೇನು?”

“ನಾಳಿ ತನಕ ಯಾರು ಇರ್ತಾರೋ, ಯಾರು ಇಲ್ಲೋ! ತಿರುಗಸ್ರಿ ಅಂದ್ನಲ್ಲ.”

ದಾರಿಯಲ್ಲೇ ಡಾಕ್ಟರಿಗೆ ಫೋನು ಮಾಡಿ, ಚೀಲದಲ್ಲಿ ಉಳಿದಿದ್ದ ಗುಳಿಗೆಗಳನ್ನು ಎಲ್ಲರಿಗೂ ಕೊಡಲು ಒಪ್ಪಿಸಿದಳು. ಬಾಗಿಲು ತೆಗೆದವನು ಎಜ್ರಾ, ಆ ಮನೆಯ ಹಿರಿಯ ವಿದ್ಯಾರ್ಥಿ. ಒಳಗೆ ಮೇಣದ ಬತ್ತಿ ಉರಿಯುತ್ತಿದ್ದವು. ಇವತ್ತು ಪ್ರತಿಯೊಬ್ಬರ ಮುಂದೂ ಬೇರೆ ಬೇರೆ ಪೇಪರ್ ಕಪ್ಪು.

“ಯಾರು ಕುಡಿದಿರಿ ಅಂತ ಕೇಳೋದಕ್ಕೆ ಬಂದಿಲ್ಲ,” ಎಂದಳು ಖತೀಜಾ. “ಯಾರ ಹೆಸರೂ ಬರೆದುಕೊಳ್ಳಲ್ಲ. ಎಲ್ಲರೂ ನುಂಗಿ, ಸಾಕು.”

ಯಾರೂ ತಲೆ ಎತ್ತಲಿಲ್ಲ. ಆದರೆ ಒಂದೊಂದಾಗಿ ಕೈಗಳು ಮುಂದೆ ಬಂದವು. ಎಲ್ಲರಲ್ಲಿ ಚಿಕ್ಕವಳಾದ ಲಿಯೋರಾ ಮಾತ್ರ ಕಾಣಲಿಲ್ಲ.

“ತಲೆನೋವು ಅಂತ ಮೇಲೆ ಮಲಗಿದಾಳೆ,” ಎಂದ ಎಜ್ರಾ.

ಖತೀಜಾ ಮೆಟ್ಟಿಲು ಹತ್ತಿದಳೋ ಹಾರಿದಳೋ. ಬಾಗಿಲ ಸಂದಿಯ ಬೆಳಕಿಗೇ ಹುಡುಗಿ ನರಳಿ ಗೋಡೆಯ ಕಡೆ ಹೊರಳಿದಳು. ಮೈ ಕೆಂಡ. ಕುತ್ತಿಗೆ ಬಗ್ಗಿಸಲು ಹೋದರೆ ಬಗ್ಗಲೊಲ್ಲದು.

“ನಾನೂ ಕುಡಿದಿದ್ದೆ,” ಎಂದಳು ಲಿಯೋರಾ, ತೊದಲುತ್ತ. “ಕಾಲೇಜಿಂದ ಹಾಕಿಬಿಡ್ತಾರೆ ಅಂತ ಹೆದರಿಕೆ ಆಯ್ತು. ನಿಮ್ಮ ಮುಖ ನೋಡಿ ನಾಚಿಕೆನೂ ಆಯ್ತು.”

“ನಾ ಕೇಳಿದ್ದೇ ತಪ್ಪು, ನನ ಕಂದಾ,” ಎಂದಳು ಖತೀಜಾ. ಕನ್ನಡದಲ್ಲಿ ಅಂದೆನೆಂಬುದು ಅವಳಿಗೇ ತಿಳಿಯಲಿಲ್ಲ.

ಆಂಬುಲೆನ್ಸಿಗೆ ಕಾಯುವ ಹೊತ್ತಿನಲ್ಲಿ ತಾವೇ ಆಸ್ಪತ್ರೆ ಮುಟ್ಟಬಹುದಿತ್ತು. ಎಜ್ರಾ ಹುಡುಗಿಯನ್ನು ಕಂಬಳಿ ಸಮೇತ ಎತ್ತಿ ತಂದು, ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸಬ್ಬತ್ತಿನ ದಿನ ಅವನು ಕಾರು ಹತ್ತುವವನಲ್ಲ. ಕಮರುದ್ದೀನ್ ಕನ್ನಡಿಯಲ್ಲಿ ನೋಡಿದ್ದಕ್ಕೆ, “ಜೀವ ಉಳಿಸೋವಾಗ ಸಬ್ಬತ್ ಅಡ್ಡ ಬರಲ್ಲ. ಬೇಗ ಹೋಗಿ,” ಎಂದ.

ತುರ್ತು ವಿಭಾಗದ ಡಾಕ್ಟರು ಬಹಳ ಹೊತ್ತಿನ ಮೇಲೆ ಹೊರಗೆ ಬಂದರು. “ಔಷಧಿ ಹಿಡಿದಿದೆ. ನಾಳೆ ಬೆಳಗ್ಗೆ ತಂದಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ,” ಎಂದರು. ಖತೀಜಾ ಗೋಡೆಗೆ ಒರಗಿ, ಸ್ಕಾರ್ಫಿನ ತುದಿಯನ್ನು ಬಾಯಿಗೊತ್ತಿಕೊಂಡು ಅತ್ತುಬಿಟ್ಟಳು. ನೆಮ್ಮದಿಗೋ ಸುಸ್ತಿಗೋ, ಯಾರಿಗೆ ಗೊತ್ತು.

ಹೊರಗೆ ಕಮರುದ್ದೀನ್ ಕಾರಿನ ಬಾಗಿಲು ತೆರೆದು ಹಿಡಿದರೆ ಎಜ್ರಾ ತಲೆಯಾಡಿಸಿದ.

“ಬರೋವಾಗ ಅವಳ ಜೀವದ ಪ್ರಶ್ನೆ ಇತ್ತು. ಈಗ ಇಲ್ಲವಲ್ಲ. ನಡೆದೇ ಹೋಗ್ತೀನಿ.”

ಅವನು ಹೊರಟೇಬಿಟ್ಟ. ಗುಡ್ಡದ ರಸ್ತೆ, ಫುಟ್‌ಪಾತಿಲ್ಲ, ದೀಪವೂ ಇಲ್ಲ. ಜತೆಗೆ ನಡೆಯೋಣವೆಂದರೆ ಖತೀಜಾಳಿಗೆ ಹೆಜ್ಜೆ ಎತ್ತುವ ತ್ರಾಣವಿರಲಿಲ್ಲ. ಕಾರಿನಲ್ಲಿ ಕೂತು ಅವನ ಬೆನ್ನನ್ನೇ ನೋಡಿದಳು.

“ಅವನ ಹಿಂದ ಹಿಂದ ನಡಸ್ರಿ. ಸಾವಕಾಶ.”

“ಹಿಂದಿನವ್ರು ಹಾರ್ನ್ ಹೊಡೀತಾರ.”

“ಹೊಡ್ಕೊಳ್ಳಲಿ.”

ಕಮರುದ್ದೀನ್ ನಿಟ್ಟುಸಿರು ಬಿಟ್ಟು ಕಾರನ್ನು ನಡಿಗೆಯ ವೇಗಕ್ಕೆ ಇಳಿಸಿದ. ಎಜ್ರಾ ಒಮ್ಮೆ ತಿರುಗಿ ನೋಡಿ, ತನ್ನ ಮುಂದೆ ಬಿದ್ದ ಕಾರಿನ ಬೆಳಕಿನಲ್ಲಿ ಗುಡ್ಡ ಏರತೊಡಗಿದ.