ನವಿಲಗುಡ್ಡದ ಬಂಗಾರ

ಮಗ ಬಂಗಾರದ ಗಣಿ ಹುಡುಕಿದ ಅಂತ ಬೀದಿಯವರೆಲ್ಲ ಮೈಸೂರು ಪಾಕ್ ತಿನ್ನುತ್ತಿರುವಾಗ ಹೆತ್ತಪ್ಪ ಹಲ್ಲುನೋವು ಬಂದವರ ಹಾಗೆ ದವಡೆಗೆ ಕೈಕೊಟ್ಟು ಕೂತರೆ ಯಾರು ತಾನೆ ಸುಮ್ಮನಿರುತ್ತಾರೆ ಹೇಳಿ? ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲೂ ಯಾರೂ ಸುಮ್ಮನಿರಲಿಲ್ಲ. ಗುರುಬಸಪ್ಪನವರಿಗೆ ಹೊಟ್ಟೆಕಿಚ್ಚು ಅಂದರು ಕೆಲವರು. ಸ್ವಂತ ಮಗನ ಮೇಲೆ ಎಂಥ ಹೊಟ್ಟೆಕಿಚ್ಚು, ವಯಸ್ಸಾಯ್ತಲ್ಲ, ತಲೆ ಓಡುತ್ತಿಲ್ಲ ಅಂದರು ಇನ್ನು ಕೆಲವರು.

ಟೀವಿಯವರಂತೂ ಬಿಡಿ, ಅವರಿಗೆ ಒಂದು ನೆಪ ಸಿಕ್ಕರೆ ಸಾಕು. ರಾಯಚೂರು ಸೀಮೆಯ ನವಿಲಗುಡ್ಡ ಅನ್ನೋ ಒಂದು ಬೋಳುಗುಡ್ಡವನ್ನು ಡ್ರೋನಿನಲ್ಲಿ ಸುತ್ತಿ ಸುತ್ತಿ ತೋರಿಸಿ, ‘ಏಷ್ಯಾದಲ್ಲೇ ಅತಿ ದೊಡ್ಡ ಚಿನ್ನದ ನಿಕ್ಷೇಪ’ ಅಂತ ಗಂಟಲು ಹರಿಯುವ ಹಾಗೆ ಕಿರುಚಿದರು. ಅದನ್ನು ಹುಡುಕಿದ್ದು ಒಂದು ಖಾಸಗಿ ಕಂಪನಿ. ಆ ಕಂಪನಿಯ ಟೆಕ್ನಿಕಲ್ ಹೆಡ್ಡು ಗಿರಿರಾಜ್, ಗುರುಬಸಪ್ಪನವರ ಒಬ್ಬನೇ ಮಗ.

ಗುರುಬಸಪ್ಪನವರು ಸುಮ್ಮಸುಮ್ಮನೆ ಮುಖ ಗಂಟು ಹಾಕಿಕೊಳ್ಳುವ ಆಸಾಮಿಯಲ್ಲ. ಅವರೂ ಸರ್ಕಾರದಲ್ಲಿ ಭೂವಿಜ್ಞಾನಿಯಾಗಿದ್ದು ರಿಟೈರಾದವರು. ಮದುವೆಯಾದ ಹೊಸದರಲ್ಲಿ ಇದೇ ನವಿಲಗುಡ್ಡದ ಬುಡದಲ್ಲಿ ಡೇರೆ ಹಾಕಿಕೊಂಡು ಎರಡು ಬೇಸಿಗೆ ಕಳೆದವರು. ಅಗೆಸಿದರು, ಕಲ್ಲು ಕುಟ್ಟಿಸಿದರು, ತೊಳೆಸಿದರು. ಗಾಡಿಗಟ್ಟಲೆ ಕಲ್ಲಿಗೆ ಒಂದು ಮೂಗುಬೊಟ್ಟಿಗಾಗುವಷ್ಟೂ ಬಂಗಾರ ಹುಟ್ಟಲಿಲ್ಲ. ಹೆಂಡತಿ ಅಕ್ಕವ್ವ ಡೇರೆಯ ಮುಂದೆ ರೊಟ್ಟಿ ಬಡಿಯುತ್ತ ಗಂಡನ ಜೋಲುಮುಖ ನೋಡಿ ನಗುತ್ತಿದ್ದಳು. ತೌರಿನವರು ಹಾಕಿದ ಬೋರಮಾಳ ಅವಳ ಕೊರಳಲ್ಲಿತ್ತು. ಒಳಗೆ ಅರಗು ತುಂಬಿ ಮೇಲೆ ತೆಳ್ಳಗೆ ಬಂಗಾರದ ತಗಡು ಹೊದಿಸಿದ ಗುಂಡುಗಳ ಸರ ಅದು.

“ಏನ್ರೀ, ನಿಮ್ಮ ಇಡೀ ಗುಡ್ಡದಾಗ ಇರೋದಕ್ಕಿಂತ ನನ್ನ ಕೊರಳಾಗ ಹೆಚ್ಚಿಗಿ ಬಂಗಾರ ಐತಿ” ಅಂದಿದ್ದಳು. “ಸರ್ಕಾರಕ್ಕ ಬರೀರಿ, ನನ್ನನ್ನ ಅಗೀಲಿ!”

ಆ ಅಕ್ಕವ್ವ ಹೋಗಿ ಎರಡು ವರ್ಷವಾಯಿತು. ಅವಳಿದ್ದಿದ್ದರೆ ಟೀವಿ ನೋಡಿ ಬಿದ್ದು ಬಿದ್ದು ನಗುತ್ತಿದ್ದಳು ಅನ್ನಿಸಿ ಗುರುಬಸಪ್ಪನವರಿಗೆ ಸಂಕಟವಾಯಿತು.

ಸಂಜೆ ಆಫೀಸಿನಿಂದ ಗಿರಿರಾಜ್ ಬಂದವನೇ ಅಪ್ಪನ ಪಕ್ಕ ಕೂತ. “ಭಾನುವಾರ ರಾಜಾಜಿನಗರದ ಕಲ್ಯಾಣ ಮಂಟಪದಲ್ಲಿ ಕಂಪನಿ ಫಂಕ್ಷನ್ ಅಪ್ಪಾಜಿ. ನಮ್ಮೋರೇ ಜಾಸ್ತಿ ಬರ್ತಾರೆ. ದುಡ್ಡು ಹಾಕೋದಕ್ಕೆ ತುದಿಗಾಲಲ್ಲಿ ನಿಂತಿದಾರೆ. ನೀವು ವೇದಿಕೆ ಮೇಲೆ ಕೂತು ಎರಡು ಮಾತಾಡಿದ್ರೆ ಸಾಕು.”

“ನಾನು ತಿರುಗಾಡಿದ ಗುಡ್ಡ ಕಣೋ ಅದು. ಅಲ್ಲಿ ಏನೂ ಇಲ್ಲ.”

“ನಿಮ್ಮ ಕಾಲದ ಮಷಿನ್ನೇ ಬೇರೆ, ಈಗಿನದೇ ಬೇರೆ.”

“ಮಷಿನ್ನು ಬೇರೆ ಆಗಿರಬಹುದಪ್ಪ. ಗುಡ್ಡ ಅದೇ ಅಲ್ವಾ?”

ಪಕ್ಕದ ಮನೆಯ ಲಕ್ಷ್ಮೀಪತಿ ಮೇಷ್ಟರು ಸಮಯ ಕಾಯುತ್ತಿದ್ದವರ ಹಾಗೆ ಒಳಗೆ ಬಂದರು. ಹೈಸ್ಕೂಲಿನಲ್ಲಿ ಪಾಠ ಹೇಳಿ ರಿಟೈರಾದವರು, ಬಾಯಿ ಜೋರು, ಮನಸ್ಸು ಒಳ್ಳೆಯದು. ಹೋದ ತಿಂಗಳು ಗುರುಬಸಪ್ಪನವರು ಮೆಟ್ರೋದಲ್ಲಿ ವಿಜಯನಗರದಲ್ಲಿ ಇಳಿಯೋದು ಮರೆತು ಕೆಂಗೇರಿ ತನಕ ಹೋಗಿದ್ದ ಕಥೆಯನ್ನು ಬೀದಿಗೆಲ್ಲ ಹಂಚಿದ ಪುಣ್ಯಾತ್ಮರು ಇವರೇ.

“ನೀವೊಂದು ಹೂಂ ಅನ್ನಿ ಸಾರ್” ಅಂದರು. “ಅನ್ನಪೂರ್ಣೇಶ್ವರಿ ನಗರದ ಸೈಟು ಮಾರಿದ ದುಡ್ಡು ಹಾಗೇ ಇದೆ. ನಮ್ಮ ಮಗಳು ಸ್ಮೃತಿ ಮದುವೆಗೆ ಅಂತ ಇಟ್ಟಿದ್ದು. ಟೀವಿಯೋರನ್ನ ನಾನು ನಂಬಲ್ಲ. ನಿಮ್ಮನ್ನ ನಂಬ್ತೀನಿ.”

ಈ ಮಾತು ಗುರುಬಸಪ್ಪನವರ ಎದೆಗೆ ನಾಟಿತು. “ಕಣ್ಣಲ್ಲಿ ನೋಡದೆ ನಾನು ಏನೂ ಮಾತಾಡಲ್ಲ. ಅಲ್ಲಿ ಸಿಕ್ಕಿದ್ದನ್ನ ತಂದು ತೋರಿಸು” ಅಂದರು ಮಗನಿಗೆ.

ಗಿರಿರಾಜ್ ಒಂದು ಗಳಿಗೆ ಅಪ್ಪನ ಮುಖ ನೋಡಿದ. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಏನು ಕಂಡೀತು ಅಂದುಕೊಂಡನೋ ಏನೋ, ಮಾರನೆಯ ಬೆಳಿಗ್ಗೆಯೇ ಒಂದು ಪುಟ್ಟ ಬಾಟ್ಲಿ ತಂದು ಕೈಗಿಟ್ಟು ಆಫೀಸಿಗೆ ಹೋದ. ಬಾಟ್ಲಿಯ ತಳದಲ್ಲಿ ಕರಿ ಮರಳು, ಅದರ ನಡುವೆ ಮಿಣಮಿಣ ಅನ್ನುವ ಬಂಗಾರ.

ಗುರುಬಸಪ್ಪನವರು ಟೆರೇಸಿನ ಬಿಸಿಲಿಗೆ ಹೋದರು. ಬಿಳಿ ಪಿಂಗಾಣಿ ತಟ್ಟೆಗೆ ಅದನ್ನು ಸುರಿದು, ಸರ್ವೀಸಿನುದ್ದಕ್ಕೂ ಕೊರಳಲ್ಲೇ ನೇತಾಡುತ್ತಿದ್ದ ಮಸೂರವನ್ನು ಒಳ್ಳೆಯ ಕಣ್ಣಿಗೆ ಹಿಡಿದರು. ನಾನೇ ತಪ್ಪಾಗಿರಲಿ ಶಿವನೇ, ನನ್ನ ಮಗ ಸರಿಯಾಗಿರಲಿ ಅಂತ ಬೇಡಿಕೊಂಡೇ ನೋಡಿದರು. ಸುಳ್ಳಲ್ಲ, ಮನಸಾರೆ ಬೇಡಿಕೊಂಡರು.

ಕಲ್ಲಿನೊಳಗೆ ಹುಟ್ಟಿದ ಬಂಗಾರ ಒರಟೊರಟಾಗಿ, ಮುಳ್ಳುಮುಳ್ಳಾಗಿ, ಬೆಣಚುಕಲ್ಲಿನ ಚೂರು ಕಚ್ಚಿಕೊಂಡಿರುತ್ತದೆ. ಇದು ಹಾಗಿರಲಿಲ್ಲ. ಬಡಗಿ ಹತ್ತರಿ ಹೊಡೆದಾಗ ಏಳುವ ಸಿಪ್ಪೆಯ ಹಾಗೆ ಒಂದೊಂದೂ ಸುರುಳಿ ಸುತ್ತಿತ್ತು. ಮೈಮೇಲೆ ಸಾಲಾಗಿ ಗೀರು, ಅರ ಹಾಕಿ ಉಜ್ಜಿದ ಗೀರು. ಅಂದರೆ ಯಾರೋ ಒಡವೆ ಉಜ್ಜಿ, ಆ ಪುಡಿಯನ್ನು ಗುಡ್ಡದ ಮರಳಿಗೆ ಬೆರೆಸಿದ್ದಾರೆ. ಒಂದು ಸುರುಳಿಯ ಮಡಿಕೆಯಲ್ಲಿ ಕೆಂಪುಗಂದು ಬಣ್ಣದ ಸಣ್ಣ ಚೂರೊಂದು ಸಿಕ್ಕಿಕೊಂಡಿತ್ತು. ಅದನ್ನು ಕಂಡದ್ದೇ ಗುರುಬಸಪ್ಪನವರು ತಟ್ಟೆ ಎತ್ತಿಕೊಂಡು ಎದ್ದರು.

ಮೆಟ್ಟಿಲಿಳಿದು ನೇರ ಅಡುಗೆಮನೆಗೆ ಬಂದರು. ಸೂಜಿಯ ಮೊನೆಯನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ ಆ ಚೂರಿಗೆ ಮುಟ್ಟಿಸಿದರು. ಅದು ಮೆತ್ತಗಾಗಿ ಕರಗಿತು, ಎಳೆಯಷ್ಟು ಹೊಗೆ ಎದ್ದಿತು.

ಸೊಸೆ ಶಿವರಂಜನಿ ತರಕಾರಿ ಹೆಚ್ಚುತ್ತಿದ್ದವಳು ತಲೆಯೆತ್ತಿದಳು. “ಏನು ಮಾವ ಇದು ವಾಸನೆ? ಅಕ್ಕಸಾಲಿಗರ ಅಂಗಡೀಲಿ ಅರಗು ಸುಟ್ಟ ಹಾಗೆ!”

“ಏನಿಲ್ಲಮ್ಮ” ಅಂದರು. ಆಮೇಲೆ ಕೇಳಿದರು: “ಭಾನುವಾರದ ಫಂಕ್ಷನ್‌ಗೆ ನಿಮ್ಮತ್ತೆಯ ಬೋರಮಾಳ ಹಾಕ್ಕೊತೀಯಾ?”

“ಅದು ಮನೇಲಿಲ್ವಲ್ಲ ಮಾವ. ಪಾಲಿಶ್‌ಗೆ ಕೊಡ್ತೀನಿ ಅಂತ ಇವರು ತಗೊಂಡು ಹೋಗಿ ಎಷ್ಟು ದಿನ ಆಯ್ತು! ಕೇಳಿದಾಗಲೆಲ್ಲ ಇವತ್ತು ನಾಳೆ ಅಂತಾರೆ.” ಅಂದವಳು ಮಾವನ ಕೈಯಲ್ಲಿದ್ದ ಸೂಜಿ ನೋಡಿದಳು, ತಟ್ಟೆ ನೋಡಿದಳು, ಮುಖ ನೋಡಿದಳು. ದಡ್ಡಿಯೇನಲ್ಲ ಅವಳು. ಚಾಕು ಕೆಳಗಿಟ್ಟು, ಸ್ಟೂಲಿನ ಮೇಲೆ ಕುಸಿದು ಕೂತಳು.

ಅಲ್ಲಾ, ಅಂಗಡಿಯಲ್ಲಿ ಬಂಗಾರವೇ ಇರಲಿಲ್ಲವೇ ಇವನಿಗೆ? ಇತ್ತು. ಆದರೆ ಕೊಂಡರೆ ಬಿಲ್ಲು, ಬಿಲ್ಲಿಗೊಂದು ಹೆಸರು, ಹೆಸರಿಗೊಂದು ಪ್ರಶ್ನೆ. ಬೀರುವಿನಲ್ಲಿ ಸುಮ್ಮನೆ ಬಿದ್ದಿದ್ದ ಸತ್ತವಳ ಸರವನ್ನು ಯಾರು ಕೇಳುತ್ತಾರೆ?

ಸಂಜೆ ಗಿರಿರಾಜ್ ಬಂದಾಗ ಗುರುಬಸಪ್ಪನವರು ಕೂಗಾಡಲಿಲ್ಲ. ತಟ್ಟೆಯನ್ನು ಅವನ ಮುಂದೆ ಸರಿಸಿದರು. “ನಿಮ್ಮವ್ವನ ಕೊರಳಿಗೆ ಅರ ಹಾಕಿದೆಯಲ್ಲೋ” ಅಂದರು.

ಗಿರಿರಾಜ್ ಮೊದಲು ಇಲ್ಲ ಅಂದ. ಆಮೇಲೆ ಅಂಥಾದ್ದೇನೂ ಅಲ್ಲ ಅಂದ. ಕೊನೆಗೆ ತಲೆ ಹಿಡಿದುಕೊಂಡ. “ಎಷ್ಟು ಕೊರೆದರೂ ಏನೂ ಸಿಗಲಿಲ್ಲ ಅಪ್ಪಾಜಿ. ಕಂಪನಿ ಮುಚ್ಚೋ ಹಾಗಿತ್ತು. ಒಂದು ಸಲ ತೋರಿಸಿದ್ರೆ ದುಡ್ಡು ಬರುತ್ತೆ, ಆ ದುಡ್ಡಲ್ಲಿ ಇನ್ನೂ ಆಳಕ್ಕೆ ಕೊರೆದ್ರೆ ನಿಜವಾಗ್ಲೂ ಸಿಗುತ್ತೆ ಅಂದ್ಕೊಂಡೆ. ಅಮ್ಮನ ಸರ... ಅದನ್ನ ಯಾರೂ ಹಾಕ್ಕೊತಾನೂ ಇರಲಿಲ್ವಲ್ಲ.”

“ಭಾನುವಾರ ನೀನೇ ಎದ್ದು ನಿಂತು ನಿಜ ಹೇಳು. ನಿನ್ನ ಪಕ್ಕ ನಾನು ನಿಲ್ತೀನಿ. ಜೈಲಿಗೆ ಹೋದ್ರೂ ಬುತ್ತಿ ತರ್ತೀನಿ. ನೀನು ಹೇಳದಿದ್ರೆ ನಾನು ಹೇಳ್ತೀನಿ.”

 ಗಿರಿರಾಜ್ “ಆಯ್ತು” ಅಂದು ಅಪ್ಪನ ಕಾಲು ಮುಟ್ಟಿದ. ಗುರುಬಸಪ್ಪನವರು ಕಣ್ಣೊರೆಸಿಕೊಂಡು ಮಗನ ತಲೆ ಸವರಿದರು. ಬಡಪಾಯಿ, ನಂಬಿಬಿಟ್ಟರು! ಜಗತ್ತಿನ ಗುಡ್ಡವನ್ನೆಲ್ಲ ಅನುಮಾನಿಸಿದ ಮನುಷ್ಯ ಮಗನ ‘ಆಯ್ತು’ ಅನ್ನೋ ಮಾತನ್ನು ಒರೆಗೆ ಹಚ್ಚಿ ನೋಡಲಿಲ್ಲ.

ಭಾನುವಾರ ಕಲ್ಯಾಣ ಮಂಟಪ ಮದುವೆಗಿಂತ ಜೋರಾಗಿ ತುಂಬಿತ್ತು. ಲಕ್ಷ್ಮೀಪತಿ ಮೇಷ್ಟರು ಮಗಳು ಸ್ಮೃತಿಯನ್ನೂ ಕರೆದುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರ ಪಕ್ಕ ಕೊರಳಲ್ಲಿ ಬರೀ ತಾಳಿಯಿದ್ದ ಶಿವರಂಜನಿ. ಗಿರಿರಾಜ್ ಮೈಕಿನ ಮುಂದೆ ನಿಂತು ಗುಡ್ಡ ಹೊಗಳಿದ, ದೇಶ ಹೊಗಳಿದ, ಬಂದವರನ್ನು ಹೊಗಳಿದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ ಗುರುಬಸಪ್ಪನವರು ಕಾದರು. ಅವನು ನಮಸ್ಕಾರ ಹೇಳಿ ಕೂತೇಬಿಟ್ಟ.

ಗುರುಬಸಪ್ಪನವರಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಅವರು ಬುಟ್ಟಿಯನ್ನು ಕೆಳಗಿಟ್ಟು ಮೈಕು ಹಿಡಿದರು.

“ನವಿಲಗುಡ್ಡದಲ್ಲಿ ಬಂಗಾರ ಇಲ್ಲ. ನಿಮಗೆ ತೋರಿಸಿರೋದು ನನ್ನ ಹೆಂಡತಿ ಅಕ್ಕವ್ವನ ಬೋರಮಾಳ ಉಜ್ಜಿದ ಪುಡಿ. ಉಜ್ಜಿ ಬೆರೆಸಿದೋನು ನನ್ನ ಮಗ. ಯಾರೂ ದುಡ್ಡು ಹಾಕಬೇಡಿ. ಮೇಷ್ಟ್ರೇ, ನೀವೂ ಅಷ್ಟೇ.”

 ಗಿರಿರಾಜ್ ಮೆಲ್ಲಗೆ ಎದ್ದು ಬಂದು ಅಪ್ಪನ ಭುಜ ಬಳಸಿದ, ಎಷ್ಟು ಪ್ರೀತಿಯಿಂದ ಅಂತೀರಿ! ಮೈಕು ತನ್ನ ಕಡೆ ತಿರುಗಿಸಿಕೊಂಡ.

“ದಯವಿಟ್ಟು ಕ್ಷಮಿಸಿ. ಅಮ್ಮ ಹೋದ ಮೇಲೆ ಅಪ್ಪಾಜಿಗೆ ಮರೆವಿನ ಕಾಯಿಲೆ. ಎಲ್ಲಿ ಹೊಳಪು ಕಂಡ್ರೂ ಅಮ್ಮನ ಒಡವೆ ಅಂತಾರೆ. ಹೋದ ತಿಂಗಳು ವಿಜಯನಗರಕ್ಕೆ ಹೊರಟವರು ಕೆಂಗೇರೀಲಿ ಸಿಕ್ಕಿದ್ರು, ನಮ್ಮ ಮೇಷ್ಟ್ರಿಗೇ ಗೊತ್ತು. ಆದ್ರೂ ಇಂಥ ದಿನ ಅವರಿಲ್ಲದೆ ಹೇಗೆ ಅಂತ ಕರ್ಕೊಂಡು ಬಂದೆ.” ಕರ್ಚೀಫು ತೆಗೆದು ಒಣಗಣ್ಣನ್ನು ಒರೆಸಿಕೊಂಡ.

ಮೇಷ್ಟರು ಪಾಪ, ಹೌದು ಅಂತ ತಲೆಯಾಡಿಸಿದರು. ಸಭೆಯೆಲ್ಲ ಲೊಚಗುಟ್ಟಿತು. ಗುರುಬಸಪ್ಪನವರು ಸೊಸೆಯ ಕಡೆ ನೋಡಿ, “ಅಮ್ಮಾ, ನೀನಾದ್ರೂ ಹೇಳು” ಅಂದರು. ಶಿವರಂಜನಿ ಎದ್ದು ನಿಂತಳು. ಗಂಡ ಅವಳನ್ನೇ ನೋಡುತ್ತಿದ್ದ.  ಅವಳು ಸೆರಗನ್ನು ಕೊರಳಿಗೆ ಸುತ್ತಿಕೊಂಡು ಕೂತುಬಿಟ್ಟಳು. ಅಷ್ಟು ಹೊತ್ತಿಗೆ ಯಾರೋ ಚಪ್ಪಾಳೆ ಶುರುಮಾಡಿದರು. ಇಂಥ ಕಾಯಿಲೆಯ ಅಪ್ಪನನ್ನು ವೇದಿಕೆಗೆ ತಂದ ಮಗನಿಗೆ ಚಪ್ಪಾಳೆ.

ಗುರುಬಸಪ್ಪನವರನ್ನು ಆಟೋದಲ್ಲಿ ಮನೆಗೆ ತಂದುಬಿಟ್ಟದ್ದು ಲಕ್ಷ್ಮೀಪತಿ ಮೇಷ್ಟರೇ. ದಾರಿಯುದ್ದಕ್ಕೂ ಮಗುವಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಮಾತಾಡಿದರು. “ಏನೂ ಯೋಚನೆ ಮಾಡ್ಬೇಡಿ ಸಾರ್. ಎಂಥ ಮಗ ನಿಮ್ಮೋನು! ಬೇರೆಯೋರಾಗಿದ್ರೆ ರೂಮಲ್ಲಿ ಕೂಡಿ ಹಾಕ್ತಿದ್ರು. ಅವನ ಆ ಗುಣ ನೋಡಿಯೇ ಚೆಕ್ ಬರೆದುಕೊಟ್ಟು ಬಂದೆ.” ಗುರುಬಸಪ್ಪನವರು ಅವರ ಕೈ ಹಿಡಿದು, ಬೇಡ ಮೇಷ್ಟ್ರೇ, ವಾಪಸ್ ಇಸ್ಕೊಳ್ಳಿ, ಸ್ಮೃತಿ ದುಡ್ಡದು ಅಂತ ಗೋಗರೆದರು. ಆಯ್ತು ಸಾರ್, ಆಯ್ತು ಸಾರ್ ಅಂತ ಮೇಷ್ಟರು ಅವರ ಬೆನ್ನು ತಟ್ಟಿದರು.

ಮನೆಯಲ್ಲಿ ಗುರುಬಸಪ್ಪನವರು ಶಾಲನ್ನೂ ತೆಗೆಯದೆ ಅಕ್ಕವ್ವನ ಫೋಟೋದ ಕೆಳಗೆ ಕೂತರು. ತಟ್ಟೆಯ ಪುಡಿಯನ್ನು ಮತ್ತೆ ತುಂಬಿಟ್ಟಿದ್ದ ಆ ಬಾಟ್ಲಿ ಜೇಬಿನಲ್ಲಿತ್ತು. ಸಂಜೆ ಶಿವರಂಜನಿ ಒಬ್ಬಳೇ ಬಂದಳು. ಬಂದವಳು ಮಾವನ ಕಾಲ ಬುಡದಲ್ಲಿ ಕೂತು ಅಳುವುದಕ್ಕೆ ಶುರುಮಾಡಿದಳು. “ನನ್ನ ಕೈಲಾಗಲಿಲ್ಲ ಮಾವ. ಭಯ ಆಯ್ತು. ಅವರು ಜೈಲಿಗೆ ಹೋದ್ರೆ ನನ್ನ ಗತಿ ಏನು ಅನ್ನಿಸ್ತು.”

ಅವರಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡುವ ತ್ರಾಣವೂ ಇರಲಿಲ್ಲ. ಬಾಟ್ಲಿ ತೆಗೆದು ಅವಳ ಕೈಗಿಟ್ಟರು. “ಮರಳು ತೊಳೆದು ತೆಗೆದಿಡು. ನಿಮ್ಮತ್ತೆ ನಿನಗೆ ಅಂತ ಬಿಟ್ಟಿದ್ದು.”

ಶಿವರಂಜನಿ ಬೀರು ತೆಗೆದು, ಖಾಲಿಯಾಗಿದ್ದ ಬೋರಮಾಳದ ಡಬ್ಬಿ ತಂದಳು. ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಚಿಟಿಕೆಯಷ್ಟೂ ಇರಲಿಲ್ಲ.

“ಇಷ್ಟೇನಾ ಮಾವ ಉಳಿದಿರೋದು?”

“ಇಷ್ಟೇ ಕಣಮ್ಮ” ಅಂದರು ಗುರುಬಸಪ್ಪನವರು. “ಇಡೀ ಗುಡ್ಡದಲ್ಲಿ ಇರೋದೇ ಇಷ್ಟು.”