ಮೂರನೆಯ ಗಂಟು

"ಬಿಚ್ಚಬೇಡಿ!"

ಸತ್ತವರ ಹೆಂಡತಿ ಟೈಲರಮ್ಮ ಹಾಗೆ ಕೂಗಿಕೊಂಡದ್ದಕ್ಕೆ ಹಜಾರದಲ್ಲಿ ಹೆಣದ ಸುತ್ತ ಕುಳಿತಿದ್ದವರೆಲ್ಲ ಒಮ್ಮೆಲೇ ತಲೆ ಎತ್ತಿದರು. ಅಳು ಕೇಳಲು ಕಾದು ಕುಳಿತಿದ್ದವರಿಗೆ ಈ ಕೂಗು ಅರ್ಥವಾಗಲಿಲ್ಲ.

ಒಳಕೋಣೆಯಲ್ಲಿ ಸತ್ತವರ ಅಕ್ಕ, ಎಲ್ಲರ ಬಾಯಲ್ಲೂ ದೊಡ್ಡಕ್ಕ, ತಮ್ಮ ನಿನ್ನೆ ಹಾಕಿಕೊಂಡಿದ್ದ ಪ್ಯಾಂಟಿನ ಕಿಸೆಯಿಂದ ಕರವಸ್ತ್ರ ತೆಗೆದು ಅದರ ಮೂಲೆಯ ಗಂಟಿಗೆ ಉಗುರು ಹಾಕಿದ್ದಳು.

"ಒಗೆಯೋಕೆ ಹಾಕ್ತೀನಿ ಕಣೇ. ಶುಭ್ರವಾದ್ದೊಂದನ್ನ ಅವನ ಜೇಬಲ್ಲಿಟ್ಟು ಕಳಿಸೋಣ. ಅದಕ್ಯಾಕೆ ಹೀಗೆ ಕಿರಿಚ್ತೀಯ?"

"ಕೊಡಿ ಅಕ್ಕಾ ಇಲ್ಲಿ."

ಕೊಡುವ ತನಕ ತಡೆಯಲಾರದೆ ಟೈಲರಮ್ಮ ಕಸಿದೇಬಿಟ್ಟಳು. ಕರವಸ್ತ್ರವನ್ನು ಮಂಚದ ಮೇಲೆ ಹರಡಿ ನೋಡಿದಳು. ನಾಲ್ಕು ಮೂಲೆಗಳಲ್ಲಿ ಮೂರಕ್ಕೆ ಗಂಟು. ಎರಡು ಒಂಟಿ ಗಂಟು, ಒಂದು ಜೋಡಿ ಗಂಟು.

ಸತ್ತವರು ನಗರಸಭೆಯ ಸದಸ್ಯರು; ವಾರ್ಡಿನ ಜನ ಅವರನ್ನು 'ಗಂಟಿನ ಮೆಂಬರು' ಎಂದೇ ಕರೆಯುತ್ತಿದ್ದರು. ಬೇರೆ ಮೆಂಬರುಗಳು ಮಾಡಿಕೊಳ್ಳುವ ಗಂಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೊಸಬರಿಗೆ ಬಿಡಿಸಿ ಹೇಳಬೇಕಾಗುತ್ತಿತ್ತು. ಬೀದಿಯಲ್ಲಿ ಯಾರಾದರೂ ನಿಲ್ಲಿಸಿ, ನಲ್ಲಿ ಸೋರುತ್ತಿದೆ ಎಂದರೆ ಸಾಕು, ಮೆಂಬರು ಕರವಸ್ತ್ರ ತೆಗೆದು ಅವರ ಕಣ್ಣೆದುರೇ ಒಂದು ಗಂಟು ಹಾಕುತ್ತಿದ್ದರು. ಕೆಲಸವಾದ ಮೇಲೆ ಬಿಚ್ಚುತ್ತಿದ್ದರು. ಸಾಮಾನ್ಯ ಕೆಲಸಕ್ಕೆ ಒಂಟಿ ಗಂಟು. ಯಾರದಾದರೂ ಜೀವಕ್ಕೆ ಸಂಚಕಾರ ಬರುವಂಥದ್ದಾದರೆ ಜೋಡಿ ಗಂಟು. ಅದು ಬಿಚ್ಚುವ ತನಕ ಅವರು ಮಲಗುತ್ತಿರಲಿಲ್ಲ. ಈ ಗಂಟುಗಳಿಗಾಗಿಯೇ ಟೈಲರಮ್ಮ ಅಂಗಡಿಯಲ್ಲಿ ಸಿಗುವುದಕ್ಕಿಂತ ಒಂದೂವರೆ ಪಟ್ಟು ದೊಡ್ಡ ಕರವಸ್ತ್ರಗಳನ್ನು ಡಜನ್‌ಗಟ್ಟಲೆ ಹೊಲಿದುಕೊಟ್ಟಿದ್ದಳು.

ನಿನ್ನೆ ಸಂಜೆ ನಗರಸಭೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ಗಂಟುಗಳು ಹಾಗೇ ಉಳಿದಿದ್ದವು.

"ಯಾವ ಕೆಲಸದ್ದು ಅಂತ ತಿಳ್ಕೊಂಡು, ಮುಗಿಸಿ, ಆಮೇಲೆ ಇದನ್ನ ಬಿಚ್ಚದೆ ಅವರನ್ನ ಕಳಿಸಲ್ಲ ನಾನು," ಎಂದಳು ಟೈಲರಮ್ಮ.

ದೊಡ್ಡಕ್ಕ ಬಾಗಿಲಲ್ಲಿ ನಿಂತಿದ್ದವರ ಕಡೆ ತಿರುಗಿ, ಪಾಪ, ತಲೆಗೆ ಹೋಗಿದೆ ಎಂಬಂತೆ ಕಣ್ಣಲ್ಲೇ ಹೇಳಿದಳು.

*

ಹದಿನಾಲ್ಕು ವರ್ಷದ ಹಿಂದೆ, ಗಂಡ ಮೆಂಬರಾದ ಮೊದಲನೇ ವರ್ಷ, ಟೈಲರಮ್ಮನೇ ಒಂದು ಗಂಟು ಬಿಚ್ಚಿದ್ದಳು. ಒಗೆಯುವಾಗ ಕೈಗೆ ಸಿಕ್ಕಿತ್ತು. ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿ ಇಟ್ಟಳು. ಗಂಡ ಅದನ್ನೇ ಜೇಬಿಗಿಟ್ಟುಕೊಂಡು ಹೋದರು.

ಅದು ಅಚ್ಚಿನ ಪ್ರೆಸ್ಸಿನ ಮುಂದೆ ಬಾಯಿ ತೆರೆದಿದ್ದ ಚರಂಡಿಗೆ ಮುಚ್ಚಳ ಹಾಕಿಸುವ ಗಂಟು. ಮೂರನೇ ದಿನ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕಂಪೋಸಿಟರ್ ಕೆಲಸ ಮುಗಿಸಿ ಹೊರಗೆ ಕಾಲಿಟ್ಟವನು ಒಳಗೆ ಬಿದ್ದ. ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಅವನಿಗೆ ಊರುಗೋಲೇ ಗತಿಯಾಯಿತು.

ನಗರಸಭೆಯ ಸಭೆಯಲ್ಲಿ ಎಲ್ಲರೂ ಮೆಂಬರನ್ನು ಹಿಡಿದು ಜಾಡಿಸಿದರು. "ಮರೆತೆ," ಎಂದರು ಅವರು. ಅಷ್ಟೇ. ಹೆಂಡತಿ ಬಿಚ್ಚಿದಳು ಎಂದು ಹೊರಗೂ ಹೇಳಲಿಲ್ಲ, ಮನೆಯಲ್ಲೂ ಎತ್ತಿ ಆಡಲಿಲ್ಲ. ಪ್ರತಿ ಭಾನುವಾರ ಕಂಪೋಸಿಟರನ ಮನೆಗೆ ಹೋಗಿ ಅರ್ಧ ಗಂಟೆ ಕುಳಿತು ಬರುತ್ತಿದ್ದರು. ಟೈಲರಮ್ಮ ಮಾತ್ರ ಒಂದು ದಿನವೂ ಆ ಹೊಸ್ತಿಲು ತುಳಿಯಲಿಲ್ಲ. ಬೀದಿಯಲ್ಲಿ ಊರುಗೋಲಿನ ಸದ್ದು ಕೇಳಿದರೆ ಹೊಲಿಗೆ ಯಂತ್ರದ ಪೆಡಲನ್ನು ಜೋರಾಗಿ ತುಳಿಯುತ್ತಿದ್ದಳು.

*

ಮೊದಲನೇ ಗಂಟು ಹತ್ತು ಗಂಟೆಗೆ ತಾನಾಗಿಯೇ ಬಿಚ್ಚಿಕೊಂಡಿತು. ಕನ್ನಡಕದ ಅಂಗಡಿಯವನು ಬಂದು ಹಾರ ಹಾಕಿ, ಹಿಂಜರಿಯುತ್ತ ಟೈಲರಮ್ಮನ ಕೈಗೆ ಒಂದು ಡಬ್ಬಿ ಇಟ್ಟ. "ನಿಮ್ಮ ಕನ್ನಡಕ ಅಮ್ಮಾ. ನಿನ್ನೆ ಸಂಜೆ ಬಂದು ಒಯ್ತೀನಿ ಅಂದಿದ್ರು." ಅವಳು ಕನ್ನಡಕ ಹಾಕಿಕೊಂಡು ಗಂಡನ ಮುಖ ನೋಡಿದಳು. ಇಷ್ಟು ಸ್ಪಷ್ಟವಾಗಿ ಕಾಣದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಎರಡನೆಯದು ನಿವೃತ್ತ ಪೋಸ್ಟ್‌ಮ್ಯಾನನದು. ಅವನು ಬದುಕಿದ್ದಾನೆಂದು ಪಿಂಚಣಿ ಕಚೇರಿಗೆ ವರ್ಷಕ್ಕೊಮ್ಮೆ ಮೆಂಬರು ಬರೆದುಕೊಡಬೇಕು. ಮೆಂಬರ ಚೀಲದಲ್ಲಿ ಹುಡುಕಿದರೆ ಸಹಿ ಮಾಡಿದ ಕಾಗದ ಮಡಿಸಿಟ್ಟಿತ್ತು.

"ನಾನು ಬದುಕಿದೀನಿ ಅಂತ ಬರ್ಕೊಟ್ಟೋರೇ ಹೋಗಿಬಿಟ್ರಲ್ಲಮ್ಮಾ," ಎಂದು ಮುದುಕ ಕಾಗದ ಹಿಡಿದುಕೊಂಡು ಅತ್ತ. ಹೆಣದ ಕಾಲ ಹತ್ತಿರ ಕೂತಿದ್ದ ಇಬ್ಬರಿಗೆ ನಗು ತಡೆಯಲಾಗಲಿಲ್ಲ. ಅವರು ಕೆಮ್ಮಿದರು.

ಟೈಲರಮ್ಮ ಆ ಎರಡೂ ಗಂಟು ಬಿಚ್ಚಿದಳು. ಜೋಡಿ ಗಂಟು ಉಳಿಯಿತು. ಗಂಟೆ ಹನ್ನೊಂದಾಯಿತು. ಎರಡು ಗಂಟೆಗೆ ದೇಹವನ್ನು ವಾರ್ಡಿನ ಸಮುದಾಯ ಭವನದಲ್ಲಿ ಜನರ ದರ್ಶನಕ್ಕಿಡಬೇಕು, ಆಮೇಲೆ ನೇರ ಸ್ಮಶಾನಕ್ಕೆ. ಟೈಲರಮ್ಮ ಬಂದವರನ್ನೆಲ್ಲ ನಿಲ್ಲಿಸಿ ಕೇಳತೊಡಗಿದಳು.

"ನಿನ್ನೆ ಅವರಿಗೆ ಏನಾದ್ರೂ ಹೇಳಿದ್ರಾ? ಅಪಾಯದ ವಿಷಯ? ನೆನಪು ಮಾಡ್ಕೊಳ್ಳಿ."

ಇದು ಅವಳು ಎಣಿಸದ ಕಡೆಗೆ ತಿರುಗಿತು. ಔಷಧಿ ಅಂಗಡಿಯವನು ತನ್ನ ಅಂಗಡಿ ಮುಂದಿನ ದೀಪದ ಕಂಬದ ಕತೆ ತೆಗೆದ. ಪಕ್ಕದ ಬೀದಿಯಾಕೆ ಕಸದ ಗಾಡಿ ಬರುತ್ತಿಲ್ಲವೆಂದಳು. "ನನ್ನ ಚರಂಡಿ ಅವರ ಗಮನದಲ್ಲೇ ಇತ್ತು," ಎಂದು ಒಬ್ಬ ಹೆಮ್ಮೆಯಿಂದ ಹೇಳಿಕೊಂಡ. ನೋಡುನೋಡುತ್ತಿದ್ದಂತೆ, ದಿನಾ ಬೆಳಿಗ್ಗೆ ಮೆಂಬರ ಮನೆ ಬಾಗಿಲಲ್ಲಿ ನಿಲ್ಲುವ ಸಾಲೇ ಹೆಣದ ಪಕ್ಕದಲ್ಲಿ ನಿಂತುಬಿಟ್ಟಿತು. ಆದರೆ ಅವು ಯಾವುವೂ ಯಾರ ಜೀವಕ್ಕೂ ಎರವಾಗುವಂಥವಲ್ಲ. ಎಲ್ಲೋ ಒಂದು ಕಡೆ ಏನೋ ಬಾಯಿ ತೆರೆದುಕೊಂಡು ಕೂತಿದೆ. ಅದು ಎಲ್ಲಿ ಎಂದು ತಿಳಿದಿದ್ದ ಒಬ್ಬರೇ ಒಬ್ಬರು ಇಲ್ಲಿ ಹೂವಿನ ಕೆಳಗೆ ಮಲಗಿದ್ದಾರೆ.

*

ನಿನ್ನೆ ಮಧ್ಯಾಹ್ನ ಊಟಕ್ಕೆ ಬಂದಾಗಲೇ ಆ ಗಂಟು ಬಿದ್ದಿತ್ತು. ಕೈ ಒರೆಸಿಕೊಳ್ಳಲು ತೆಗೆದಾಗ ಅವಳೇ ನೋಡಿದಳು.

"ಜೋಡಿ ಯಾಕೆ? ಏನಾಯ್ತು?"

"ಸಂಜೆ ಹೇಳ್ತೀನಿ."

"ಈಗ ಹೇಳಿದ್ರೆ ಬಾಯಿ ಸವೆಯತ್ತಾ?"

ಮೆಂಬರು ನಗಲಿಲ್ಲ. ಅನ್ನವನ್ನು ಬೆರಳಲ್ಲಿ ಆಡಿಸುತ್ತ, "ನಾನೇ ಮಾಡಿದ ತಪ್ಪು ಕಣೇ. ಸಭೇಲಿ ನಾನೇ ಎದ್ದು ನಿಂತು ಹೇಳ್ಬೇಕು. ಅಲ್ಲೀವರೆಗೂ ಬೇರೆ ಯಾರಿಗೂ ಹೇಳೋಕೆ ಬಾಯಿ ಬರ್ತಾ ಇಲ್ಲ," ಎಂದರು. ಅರ್ಧ ತಟ್ಟೆ ಬಿಟ್ಟು ಎದ್ದರು.

*

ಹನ್ನೆರಡೂವರೆಗೆ ಅವಳ ಕಣ್ಣಿಗೆ ಗೇಟಿನ ಹೊರಗೆ ಸ್ಕೂಟರ್ ಹಿಡಿದುಕೊಂಡು ನಿಂತಿದ್ದ ಗಾರೆ ಮೇಸ್ತ್ರಿ ಬಿದ್ದ. ಮೆಂಬರ ಎದುರು ಎರಡು ಸಲ ಚುನಾವಣೆಗೆ ನಿಂತು ಎರಡು ಸಲವೂ ಸೋತವನು. ಇಬ್ಬರದೂ ಹಾವು ಮುಂಗುಸಿಯ ಸ್ನೇಹ. ಒಳಗೂ ಬಾರದೆ, ಹೋಗಲೂ ಹೋಗದೆ ನಿಂತಿದ್ದ.

ಟೈಲರಮ್ಮ ತಾನೇ ಗೇಟಿಗೆ ನಡೆದಳು.

"ಒಳಗೆ ಬನ್ನಿ ಮೇಸ್ತ್ರಿ."

"ಯಾವ ಮುಖ ಹೊತ್ಕೊಂಡು ಬರ್ಲಿ ಅಮ್ಮಾ? ನಿನ್ನೆ ನಡುಬೀದೀಲಿ ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ. ಆ ಬೈಗುಳಾನೇ ಅವರ ಎದೆಗೆ ತಾಗಿತೋ ಏನೋ."

"ಯಾಕೆ ಬೈದ್ರಿ?"

"ಭವನದ ಬಾಲ್ಕನಿ ವಿಷಯಕ್ಕೆ. ಕಟ್ಟೋವಾಗ್ಲೇ ಬಡ್ಕೊಂಡಿದ್ದೆ, ಇನ್ನೆರಡು ಕಂಬ ಬೇಕು ಅಂತ. ಸೋತ ಹೊಟ್ಟೆಕಿಚ್ಚು ಅಂದ್ರು ಎಲ್ಲಾರೂ. ಅವರೂ ಅಂದ್ರು. ನಿನ್ನೆ ಹೋಗಿ ನೋಡಿದ್ರೆ ಕಂಬದ ತಲೇಲಿ ಬಿರುಕು ಬಿಟ್ಟಿದೆ. ಕರ್ಕೊಂಡು ಹೋಗಿ ತೋರಿಸ್ದೆ. ಮಾತಾಡ್ಲಿಲ್ಲ ಅಮ್ಮಾ. ಕರವಸ್ತ್ರ ತೆಗೆದು ಗಂಟು ಹಾಕಿದ್ರು. ಸಂಜೆಯೊಳಗೆ ಬಾಲ್ಕನಿಗೆ ಬೀಗ ಹಾಕಿಸ್ತೀನಿ ಅಂದ್ರು." ಅವನು ತಡೆದ. "ಹಾಕಿಸಿದಾರೆ ತಾನೆ?"

ಟೈಲರಮ್ಮ ಮುಷ್ಟಿ ಬಿಡಿಸಿ ಜೋಡಿ ಗಂಟು ತೋರಿಸಿದಳು. ಮೇಸ್ತ್ರಿಯ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

ಭವನದಲ್ಲಿ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವನು ವಾರ್ಡ್ ಕಚೇರಿಯ ಗುಮಾಸ್ತ. ಅವನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಕುರ್ಚಿ ಎಳೆಯುವ ಸದ್ದು, ಮಕ್ಕಳ ಗಲಾಟೆ.

"ಎಲ್ಲಾ ಸಿದ್ಧ ಅಮ್ಮಾ. ಕೆಳಗೆ ಜನ ಹಿಡಿಸಲ್ಲ ಅಂತ ಶಾಲೆ ಮಕ್ಕಳನ್ನೂ ವಯಸ್ಸಾದೋರನ್ನೂ ಬಾಲ್ಕನೀಲಿ ಕೂರಿಸಿದೀವಿ."

"ಇಳಿಸಪ್ಪಾ. ಈಗ್ಲೇ ಇಳಿಸು. ಕಂಬ ಬಿರುಕು ಬಿಟ್ಟಿದೆ."

ಗುಮಾಸ್ತ ದನಿ ತಗ್ಗಿಸಿದ. "ಯಾರು, ಮೇಸ್ತ್ರಿ ಹೇಳಿದ್ನಾ? ಅಮ್ಮಾ, ಸಾಹೇಬರೇ ಮುಂದೆ ನಿಂತು ಕಟ್ಟಿಸಿದ ಭವನ. ಅವರ ಹೆಣ ಬರೋ ಹೊತ್ತಿಗೆ ಬಿರುಕು ಅಂತ ಕೂಗಿದ್ರೆ ಇಷ್ಟು ವರ್ಷದ ಹೆಸರು ಮಣ್ಣುಪಾಲಾಗತ್ತೆ. ನಗರಸಭೆ ಅಧ್ಯಕ್ಷರು ಬೇರೆ ಬರ್ತಾ ಇದಾರೆ. ಇವತ್ತೊಂದು ದಿನ ಕಳೀಲಿ, ನಾಳೆ ನೋಡೋಣ."

ಅವಳು ಫೋನ್ ಇಟ್ಟಳು. ಹಜಾರದ ಕಡೆ ಒಮ್ಮೆ ತಿರುಗಿದಳು. ಹೆಸರು ಬಿಟ್ಟು ಇನ್ನೇನನ್ನೂ ಅವರು ಮನೆಗೆ ತಂದವರಲ್ಲ. ಅದನ್ನೂ ಇವತ್ತು ತಾನೇ ಕೈಯಾರೆ ಕಳೆಯಬೇಕೆ? ಅಳುತ್ತ ನಿಲ್ಲಲು ಹೊತ್ತಿರಲಿಲ್ಲ.

"ಸ್ಕೂಟರ್ ತೆಗೀರಿ ಮೇಸ್ತ್ರಿ."

"ಎಲ್ಲಿಗೇ?" ದೊಡ್ಡಕ್ಕ ಮೆಟ್ಟಿಲಿಳಿದು ಓಡಿ ಬಂದಳು. "ಗಂಡನ ಹೆಣ ಮನೇಲಿ ಬಿಟ್ಟು, ಅವನನ್ನ ಬೈದೋನ ಗಾಡಿ ಹತ್ತಿ ಹೊರಟೆಯಲ್ಲೇ! ನಾಲ್ಕು ಜನ ಏನಂತಾರೆ?"

"ನೀವು ಅವರನ್ನ ಕರ್ಕೊಂಡು ಬನ್ನಿ ಅಕ್ಕಾ. ನಾನು ಅವರ ಕೆಲಸ ಮುಗಿಸಿರ್ತೀನಿ."

*

ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಸ್ತ್ರಿ ನೇರ ಕಂಬದ ಬುಡಕ್ಕೆ ಹೋಗಿ ಸ್ಟೂಲ್ ಹತ್ತಿ ನೋಡಿದ. ನಿನ್ನೆ ಉಗುರು ಹೋಗುವಷ್ಟಿದ್ದ ಬಿರುಕಿನಲ್ಲಿ ಇವತ್ತು ಅವನ ಕಿರುಬೆರಳು ಹೋಯಿತು. ಅವನು ಟೈಲರಮ್ಮನ ಕಡೆ ನೋಡಿ ತಲೆಯಾಡಿಸಿದ. ಮೇಲೆ ಮಕ್ಕಳು ಕಟಕಟೆಗೆ ಒರಗಿ ಕಾಲು ಬಡಿಯುತ್ತಿದ್ದರು. ಪುಡಿ ಸುಣ್ಣ ಕೆಳಗಿದ್ದವರ ತೋಳಿನ ಮೇಲೆ ಉದುರುತ್ತಿತ್ತು; ಅವರು ಕೊಡವಿಕೊಂಡು ಮಾತು ಮುಂದುವರಿಸುತ್ತಿದ್ದರು.

ಟೈಲರಮ್ಮ ಜನ್ಮದಲ್ಲಿ ಮೈಕ್ ಹಿಡಿದವಳಲ್ಲ. ಗುಮಾಸ್ತ ಅಡ್ಡ ಬಂದ. "ಅಮ್ಮಾ, ಬೇಡಿ, ಕಾಲಿಗೆ ಬೀಳ್ತೀನಿ." ಅವಳು ಅವನನ್ನು ಸರಿಸಿ ಮೈಕಿನ ಮುಂದೆ ನಿಂತಳು. ಗಾಬರಿಯಾದರೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು.

"ಮೇಲಿರೋರು ಕೆಳಗೆ ಬನ್ನಿ," ಎಂದಳು. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು. "ಓಡ್ಬೇಡಿ. ನೂಕಬೇಡಿ. ಮಕ್ಕಳು ಮೊದಲು, ಒಂದೊಂದೇ ಸಾಲು. ಈ ಬಾಲ್ಕನಿ ಗಟ್ಟಿ ಇಲ್ಲ. ಕಟ್ಟಿಸಿದ್ದು ನಮ್ಮೋರೇ, ತಪ್ಪೂ ನಮ್ಮೋರದೇ. ಮೇಸ್ತ್ರಿ ಹೇಳಿದ್ದು ಸರಿಯಾಗಿತ್ತು. ನಿನ್ನೆ ಬೀಗ ಹಾಕಿಸೋಕೆ ಅಂತ ಗಂಟು ಹಾಕ್ಕೊಂಡಿದ್ರು. ಅಷ್ಟರಲ್ಲಿ ಹೋಗಿಬಿಟ್ರು. ಅದನ್ನ ಬಿಚ್ಚೋಕೆ ಬಂದಿದೀನಿ. ನಿಧಾನ. ನಿಧಾನವಾಗಿ ಇಳೀರಿ."

ಕರವಸ್ತ್ರವನ್ನು ಮೇಲೆತ್ತಿ ಹಿಡಿದಳು. ವಾರ್ಡಿನಲ್ಲಿ ಅದರ ಅರ್ಥ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಮಕ್ಕಳು ಇಳಿಯತೊಡಗಿದರು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. "ಇವರೂ ಎಲ್ಲರ ಹಾಗೇ," ಎಂದು ಹಿಂದೆ ಯಾರೋ ಅಂದದ್ದು ಅವಳಿಗೆ ಕೇಳಿಸಿತು. ಕೇಳಿಸಲಿ ಎಂದುಕೊಂಡಳು.

ಎಲ್ಲ ಇಳಿದಾಯಿತು ಎನ್ನುವಾಗ ಮೇಲಿನಿಂದ ಟಕ್ ಎಂದು ಒಂದು ಸದ್ದು ಬಂತು. ಮತ್ತೊಂದು ಟಕ್. ಬಾಲ್ಕನಿಯ ಕೊನೆಯ ಕುರ್ಚಿಯಿಂದ ಕಂಪೋಸಿಟರ್ ಏಳುತ್ತಿದ್ದ.

ಮೇಸ್ತ್ರಿ ಬೇಡ ಎನ್ನುವಷ್ಟರಲ್ಲಿ ಟೈಲರಮ್ಮ ಮೆಟ್ಟಿಲು ಹತ್ತಿ ಹೋಗಿ ಅವನ ತೋಳು ಹಿಡಿದಳು. ಹದಿನಾಲ್ಕು ವರ್ಷದಲ್ಲಿ ಇಷ್ಟು ಹತ್ತಿರ ನಿಂತದ್ದು ಇದೇ ಮೊದಲು. ಕಾಲ ಕೆಳಗೆ ನೆಲ ಸಣ್ಣಗೆ ಅದುರುತ್ತಿತ್ತು. ಅದು ನೆಲವೋ ತನ್ನ ಕಾಲೋ ಅವಳಿಗೆ ತಿಳಿಯಲಿಲ್ಲ.

"ಆವತ್ತು ಆ ಗಂಟು ಬಿಚ್ಚಿದ್ದು ನಾನು," ಎಂದಳು, ಅರ್ಧ ಮೆಟ್ಟಿಲಿನಲ್ಲಿ. "ನಿಮ್ಮ ಚರಂಡಿದು. ಅವರು ಮರೆತಿದ್ದಲ್ಲ."

ಕಂಪೋಸಿಟರ್ ಊರುಗೋಲನ್ನು ಕೆಳಗಿನ ಮೆಟ್ಟಿಲಿಗೆ ಊರಿ, ಅದು ಗಟ್ಟಿಯಾಗಿ ನಿಂತಿತೇ ಎಂದು ನೋಡಿಕೊಂಡ.

"ಇನ್ನೂ ಏಳು ಮೆಟ್ಟಿಲಿದೆ ಅಮ್ಮಾ. ನೋಡ್ಕೊಂಡು ಇಳೀರಿ," ಎಂದು ತೋಳನ್ನು ಅವಳ ಕೈಯಲ್ಲೇ ಬಿಟ್ಟ.

ಮೆಟ್ಟಿಲ ಬುಡದ ಕಬ್ಬಿಣದ ಗೇಟು ಎಳೆದದ್ದಾಯಿತು. ಬೀಗ ಮಾತ್ರ ಎಲ್ಲೂ ಸಿಗಲಿಲ್ಲ. ಬೀಗದ ಬೀರುವಿನ ಕೀಲಿ ಕಚೇರಿಯಲ್ಲಿದೆ, ಕಚೇರಿಗೆ ಇವತ್ತು ಶೋಕದ ರಜೆ ಎಂದ ಗುಮಾಸ್ತ. ಟೈಲರಮ್ಮ ಕರವಸ್ತ್ರವನ್ನು ಗೇಟಿನ ಸರಳುಗಳ ನಡುವೆ ತೂರಿಸಿ, ಬಿಚ್ಚಿದ್ದ ಎರಡು ತುದಿಗಳನ್ನು ಎಳೆದು ಜೋಡಿ ಗಂಟು ಬಿಗಿದಳು. ಮೂರನೆಯ ಗಂಟು ಅವರು ಹಾಕಿದ ಹಾಗೇ ಪಕ್ಕದಲ್ಲಿ ನೇತಾಡುತ್ತಿತ್ತು.

ಅಷ್ಟರಲ್ಲಿ ಹೊರಗೆ ವಾಹನ ಬಂದು ನಿಂತಿತು. ಮೆಂಬರು ಜೇಬಿನಲ್ಲಿ ಕರವಸ್ತ್ರವಿಲ್ಲದೆ ಜನರ ನಡುವೆ ಬಂದರು.

ಮೇಸ್ತ್ರಿ ಬಾಲ್ಕನಿಯ ಅಡಿಯಿಂದ ಜನರನ್ನು ಸರಿಸಿದ್ದ. ಮೇಲಿದ್ದವರೂ ಕೆಳಗಿದ್ದವರೂ ಒತ್ತರಿಸಿಕೊಂಡು ನಿಂತದ್ದರಿಂದ ಭವನದಲ್ಲಿ ಉಸಿರಾಡಲೂ ಎಡೆಯಿರಲಿಲ್ಲ. ಅಧ್ಯಕ್ಷರ ಜೊತೆ ಬಂದ ಒಬ್ಬ ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲ ಹತ್ತಿರ ಹೋದ. ಮೇಲೆ ಸಾಲುಸಾಲು ಖಾಲಿ ಕುರ್ಚಿಗಳು ಕಾಣುತ್ತಿದ್ದವು. ಬರೀ ಬಟ್ಟೆ ತಾನೆ ಎಂದು ಗೇಟಿಗೆ ಕೈ ಹಾಕಿದ.

ಅಲ್ಲೊಂದು ಕುರ್ಚಿ ಹಾಕಿಕೊಂಡು ದೊಡ್ಡಕ್ಕ ಕುಳಿತಿದ್ದಳು. ಕಣ್ಣು ತಮ್ಮನ ಮುಖದ ಮೇಲಿತ್ತು. ಅವಳು ಆ ಮನುಷ್ಯನ ಕಡೆ ತಿರುಗಲಿಲ್ಲ. ಕೈ ಮಾತ್ರ ಮುಂದೆ ಬಂದು ಗಂಟನ್ನು ಮುಷ್ಟಿಯಲ್ಲಿ ಹಿಡಿಯಿತು.

"ಬಿಚ್ಚಬೇಡಿ," ಎಂದಳು.