ಬೈಂಡರ್ ಮಾವನ ಹೆಬ್ಬೆರಳು

ಬೈಂಡರ್ ಮಾವ ಯಾರನ್ನೂ ಮೊದಲು ಮುಖ ನೋಡಿ ಮಾತಾಡಿಸಿದವರಲ್ಲ. ಎದುರಿಗೆ ಬಂದವರ ಕೈಯಲ್ಲಿ ಟೇಬಲ್ ಟೆನಿಸ್ ಬ್ಯಾಟು ಕಂಡರೆ ಅದನ್ನು ತಮ್ಮದೇ ಎಂಬಷ್ಟು ಹಕ್ಕಿನಿಂದ ಕಿತ್ತುಕೊಂಡು, ಮೂಗಿನ ಹತ್ತಿರ ಹಿಡಿದು, 'ಹಾ' ಎಂದು ಒಂದು ಉಸಿರು ಬಿಟ್ಟು, ಆ ಮಸುಕು ಆರುವುದರೊಳಗೆ ಬಲಗೈ ಹೆಬ್ಬೆರಳನ್ನು ರಬ್ಬರಿನ ಮೇಲೆ ಒತ್ತಿ ಎಳೆದು, ಆಮೇಲೆ ಮುಖ ಎತ್ತುತ್ತಿದ್ದರು. ಆ ಮುಖದಲ್ಲಿ ಹತ್ತಕ್ಕೆ ಒಂಬತ್ತು ಸಲ ಸಿಟ್ಟೇ ಇರುತ್ತಿತ್ತು. "ಯಾವನು ಕೊಟ್ಟ ನಿನಗೆ ಇದನ್ನ? ನ್ಯಾಯ ಇದೆಯಾ ಇದರಲ್ಲಿ?" ಎಂದು ಅವರು ಕೇಳಿದಾಗ, ಆಗಷ್ಟೇ ಹೊಸ ರಬ್ಬರು ಹಾಕಿಸಿಕೊಂಡು ಉಬ್ಬಿ ಬಂದಿದ್ದ ಆಟಗಾರನ ಮುಖ ಗಾಳಿ ಹೋದ ಬಲೂನಿನಂತೆ ಇಳಿದುಹೋಗುತ್ತಿತ್ತು.

ವೃತ್ತಿಯಿಂದ ಅವರು ಪುಸ್ತಕಕ್ಕೆ ರಟ್ಟು ಕಟ್ಟುವವರು. ದೊಡ್ಡ ಕಚೇರಿಯೊಂದರ ನೆಲಮಾಳಿಗೆಯಲ್ಲಿ, ಹರಿದುಹೋದ ಕಡತಗಳ ನಡುವೆ, ಮೂವತ್ತು ವರ್ಷ ದಾರ, ಸೂಜಿ, ಗೋಂದಿನ ಡಬ್ಬಿಗಳೊಂದಿಗೆ ಬಾಳಿದವರು. ಅವರು ತೊಡುತ್ತಿದ್ದ ಕಂದು ಕೋಟಿನ ಬಲತೋಳು ಗೋಂದು ಮೆತ್ತಿಕೊಂಡು ಅದೆಷ್ಟು ಬಿರುಸಾಗಿತ್ತೆಂದರೆ, ಕೋಟನ್ನು ಕಳಚಿ ಮೊಳೆಗೆ ತೂಗುಹಾಕಿದ ಮೇಲೂ ಆ ತೋಳು ಮಾತ್ರ ಯಾರೊಂದಿಗೋ ಜಗಳಕ್ಕೆ ನಿಂತ ಹಾಗೆ ಮಡಿಚಿಕೊಂಡೇ ಇರುತ್ತಿತ್ತು. ಸಂಜೆ ಐದಾದ ಕೂಡಲೇ, ಕೈಯನ್ನು ಕೋಟಿಗೇ ಒರೆಸಿಕೊಂಡು, ಎಡಭುಜ ಮುಂದೆ ಮಾಡಿ ಓರೆಯಾಗಿ ಮೆಟ್ಟಿಲು ಹತ್ತಿ, ಮೂರನೆಯ ಮಹಡಿಯಲ್ಲಿದ್ದ ನಮ್ಮ ಕ್ಲಬ್ಬಿಗೆ ಬರುವರು. ಮೂರು ಟೇಬಲ್ಲು, ಒಂದು ಒಡಕು ಕಿಟಕಿ, ಗೋಡೆಗೆ ಒರಗಿಸಿದ ಉದ್ದ ಬೆಂಚು. ಅಷ್ಟೇ ನಮ್ಮ ಕ್ಲಬ್ಬು. ಆ ಬೆಂಚಿನ ತುದಿಯೇ ಅವರ ನ್ಯಾಯಪೀಠ.

ಮರದ ಹಲಗೆಗೆ ರಬ್ಬರು ಅಂಟಿಸುವ ಕೆಲಸ ಅವರ ಕೈಗೆ ಒಲಿದಿತ್ತು. ಅಂಟನ್ನು ತೆಳುವಾಗಿ ಸವರಿ, ಅದು ಆರುವ ತನಕ ಯಾರೊಂದಿಗೂ ಮಾತಾಡದೆ ಕಾದು, ಹಿಡಿಯ ಕಡೆಯಿಂದ ರಬ್ಬರನ್ನು ಇಷ್ಟಿಷ್ಟೇ ಇಳಿಸಿ, ಮರದ ಉರುಳೆಯಿಂದ ಒಂದು ಗುಳ್ಳೆಯೂ ಉಳಿಯದಂತೆ ತೀಡಿ, ರಟ್ಟು ಕತ್ತರಿಸುವ ಚೂರಿಯನ್ನು ಒಂದೇ ಸುತ್ತಿಗೆ ತಿರುಗಿಸಿ ಅಂಚು ತೆಗೆದರೆಂದರೆ, ನೋಡುತ್ತಿದ್ದ ನಾವು ಹಿಡಿದ ಉಸಿರನ್ನು ಆಗ ಬಿಡುತ್ತಿದ್ದೆವು. ನನಗೆ ಗೊತ್ತಿರುವ ಯಾವ ಅಂಗಡಿಯವನೂ ಅಷ್ಟು ಶುದ್ಧವಾಗಿ ಆ ಕೆಲಸ ಮಾಡಿದ್ದಿಲ್ಲ.

ಅಂಗಡಿಯವರ ಮೇಲೆ ಅವರಿಗಿದ್ದ ಕೋಪವಂತೂ ಸಾತ್ವಿಕವಾದದ್ದು, ಮತ್ತು ಅದರಲ್ಲಿ ನಾನು ಈಗಲೂ ಅವರ ಪಕ್ಷವೇ. ಆಟ ಕಲಿತು ಆರು ತಿಂಗಳಾಗದವನ ಕೈಗೆ, ಮುಟ್ಟಿದರೆ ಚೆಂಡು ಗೋಡೆ ದಾಟುವಂಥ ಚುರುಕು ರಬ್ಬರನ್ನು 'ಚಾಂಪಿಯನ್ನರು ಹಾಕುವುದು ಇದನ್ನೇ' ಎಂದು ಟೋಪಿ ಹಾಕಿ ಕಳಿಸುವುದು ವ್ಯಾಪಾರವೇ? ಮೂರು ತಿಂಗಳಿಗೆ ಅದರ ಮೇಲ್ಪದರ ಬೋಳಾಗುತ್ತದೆ, ಅಂಚು ಚೂರಾಗುತ್ತದೆ. ಕಲಿಯುವವನ ಕೈಯೋ, ತಾನು ಹೊಡೆದದ್ದೇನು, ರಬ್ಬರು ಎಸೆದದ್ದೇನು ಎಂಬುದನ್ನೇ ಅರಿಯದೆ ಕೆಟ್ಟಿರುತ್ತದೆ. ಒಮ್ಮೆ ಕ್ರೀಡಾ ಸಾಮಾನಿನ ಅಂಗಡಿಯೊಂದರಲ್ಲಿ ಮಾವ ಒಂದು ಪ್ಯಾಕೆಟ್ಟನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು.

"ವೇಗ ಹನ್ನೆರಡು, ಸ್ಪಿನ್ನು ಹನ್ನೊಂದು ಅಂತ ಬರೆದಿದೆ. ಎಷ್ಟಕ್ಕೆ ಹನ್ನೆರಡು? ಯಾವ ತಕ್ಕಡೀಲಿ ತೂಗಿದ್ರಿ?"

"ಅದು ಕಂಪನಿಯವರದು ಸಾರ್," ಎಂದ ಅಂಗಡಿಯವನು.

"ಪಕ್ಕದ ಕಂಪನಿಯವನು ನೂರಿಪ್ಪತ್ತು ಅಂತ ಬರೆದಿದಾನೆ. ಹಾಗಾದ್ರೆ ಅವನದು ಹತ್ತು ಪಟ್ಟು ಓಡುತ್ತಾ? ಹೋಗಲಿ, ಎಷ್ಟು ದಿನ ಬಾಳುತ್ತೆ ಅಂತ ಒಂದು ಅಂಕಿ ಎಲ್ಲಾದ್ರೂ ಹಾಕಿದ್ದಾನಾ? ತೋರಿಸು! ನ್ಯಾಯ ಇದೆಯಾ ಇದರಲ್ಲಿ?"

ಅಂಗಡಿಯವನು ತೋರಿಸಲಿಲ್ಲ, ಏಕೆಂದರೆ ಅಂಥ ಅಂಕಿ ಇರಲಿಲ್ಲ. ಮಾವನ ಆಯ್ಕೆ ಸರಳವಾಗಿತ್ತು: ಮೇಲ್ಪದರ ಚೆಂಡನ್ನು ಹಿಡಿಯಬೇಕು, ಆದರೆ ಜಿಗಣೆಯಂತಲ್ಲ, ಒಳಗಿನ ಸ್ಪಂಜು ಎರಡು ಮಿಲಿಮೀಟರು, ಅದಕ್ಕಿಂತ ದಪ್ಪ ಬೇಡ, ಮೂಲೆ ಮಡಿಚಿ ಬಿಟ್ಟರೆ ಗೆರೆ ಬೀಳದೆ ತಾನಾಗಿ ನೆಟ್ಟಗಾಗಬೇಕು. ಸರ್ವೀಸಿಗೂ ಅದೇ, ತಡೆಯುವುದಕ್ಕೂ ಅದೇ, ಬೀಸಿ ಹೊಡೆಯುವುದಕ್ಕೂ ಅದೇ. ಎಲ್ಲ ಕೆಲಸಕ್ಕೂ ಒದಗುವ ಒಂದು ರಬ್ಬರನ್ನು ಹಾಕಿ, ಆಡಿದ ಮೇಲೆ ಒದ್ದೆ ಸ್ಪಂಜಿನಿಂದ ಒರೆಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಿಸಿಲಿಗೆ ಬೀಳದಂತೆ ಇಟ್ಟರೆ ಬಾಳದೆ ಎಲ್ಲಿಗೆ ಹೋಗುತ್ತದೆ ಎಂಬುದು ಅವರ ವಾದ. ಮಾತು ಸರಿಯಾಗಿಯೇ ಇತ್ತು. ನಮ್ಮಲ್ಲಿ ಅನೇಕರ ಆಟ ಸುಧಾರಿಸಿದ್ದೇ ಆ ಮಾತಿನಿಂದ.

ಆದರೆ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗುಣವೂ ಅವರಿಗೆ ಅಷ್ಟೇ ಇತ್ತು. ತಾವು ಹಾಕಿಕೊಟ್ಟ ರಬ್ಬರು ಸವೆದಿದೆ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಹೆಬ್ಬೆರಳು ಇಳಿಯುತ್ತಿತ್ತು, ರಬ್ಬರಿಗೆ ಕಚ್ಚಿಕೊಳ್ಳುತ್ತಿತ್ತು, ತೀರ್ಪು ಹೊರಬೀಳುತ್ತಿತ್ತು: "ನೋಡು, ಹೇಗೆ ಹಿಡೀತಿದೆ! ಇನ್ನೂ ಆರು ತಿಂಗಳು ಧಾರಾಳ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಇಡೀ ಕ್ಲಬ್ಬು ನಗುತ್ತಿತ್ತು. ದೂರು ತಂದವರು ಬ್ಯಾಟನ್ನು ಬಗಲಿಗೆ ಸಿಕ್ಕಿಸಿಕೊಂಡು ಹಿಂದಕ್ಕೆ ಸರಿಯುತ್ತಿದ್ದರು. ಆಮೇಲೆ ಸದ್ದಿಲ್ಲದೆ ಬೇರೆ ಕಡೆ ಹೊಸ ರಬ್ಬರು ಹಾಕಿಸಿಕೊಂಡು, ಮಾವ ಬರುವ ಹೊತ್ತಿಗೆ ಅದನ್ನು ಚೀಲದಲ್ಲಿ ಬಚ್ಚಿಡುತ್ತಿದ್ದರು. ನಾನೂ ಬಚ್ಚಿಟ್ಟಿದ್ದೇನೆ.

ಬಚ್ಚಿಡದಿದ್ದವಳು ಒಬ್ಬಳೇ, ಅವರ ತಂಗಿಯ ಮಗಳು. ಏಳನೆಯ ವಯಸ್ಸಿಗೆ ಮಾವನೇ ಅವಳ ಕೈಗೆ ಬ್ಯಾಟು ಕೊಟ್ಟವರು. ಅವಳಿಗೆ ಹದಿನೆಂಟು ತುಂಬಿದ ವರ್ಷ, ಜಿಲ್ಲೆಯ ಕಿರಿಯರ ತಂಡದ ನಾಲ್ಕು ಜಾಗಗಳಲ್ಲಿ ಮೂರು ಭರ್ತಿಯಾಗಿ, ನಾಲ್ಕನೆಯದಕ್ಕೆ ಅವಳೂ ಬೇರೆ ಕ್ಲಬ್ಬಿನ ಒಬ್ಬ ಹುಡುಗಿಯೂ ಒಂದೇ ಪಂದ್ಯ ಆಡಬೇಕಾಗಿತ್ತು. ಗೆದ್ದವಳು ತಂಡಕ್ಕೆ, ಸೋತವಳು ಮನೆಗೆ. ಮರುವರ್ಷ ಇಬ್ಬರಿಗೂ ವಯಸ್ಸು ಮೀರುತ್ತಿತ್ತು. ಮಾವ ಪಂದ್ಯದ ಹಿಂದಿನ ಸಂಜೆ ಕೆಲಸ ಮುಗಿಸಿ ನೇರವಾಗಿ ಕ್ಲಬ್ಬಿಗೆ ಬಂದು, ಅವಳ ಬ್ಯಾಟಿಗೆ ಉಸಿರು ಬಿಟ್ಟು, ಹೆಬ್ಬೆರಳು ಎಳೆದು, "ಕಲ್ಲಿನ ಹಾಗಿದೆ, ಹದಿನೇಳು ತಿಂಗಳ ಮೇಲೂ!" ಎಂದು ಬೆಂಚಿನ ಮೇಲಿದ್ದ ನಮ್ಮೆಲ್ಲರ ಕೈಗೂ ಒಂದು ಸುತ್ತು ಕೊಟ್ಟು ತೋರಿಸಿದರು. ನಾವು ತಲೆಯಾಡಿಸಿದೆವು. ಹುಡುಗಿಯೂ ಆಡಿಸಿದಳು.

ಈ ಆಟದಲ್ಲಿ ಒಂದು ರೂಢಿಯಿದೆ: ಪಂದ್ಯಕ್ಕೆ ಮುಂಚೆ ಇಬ್ಬರೂ ಬ್ಯಾಟು ಬದಲಿಸಿಕೊಂಡು ಎದುರಾಳಿಯ ರಬ್ಬರನ್ನು ಪರೀಕ್ಷಿಸುತ್ತಾರೆ. ಮರುದಿನ ಆ ಎದುರಾಳಿ ಹುಡುಗಿ ಇವಳ ಬ್ಯಾಟನ್ನು ತೆಗೆದುಕೊಂಡು ಹೆಬ್ಬೆರಳು ಎಳೆದಳು. ಬೆರಳು ಗಾಜಿನ ಮೇಲೆ ಜಾರಿದ ಹಾಗೆ ಆ ತುದಿಯಿಂದ ಈ ತುದಿಗೆ ಜಾರಿತು. ಅವಳು ಇನ್ನೊಂದು ಬದಿ ತಿರುಗಿಸಿದಳು. ಅಲ್ಲೂ ಜಾರಿತು.

"ಇದರಲ್ಲೇ ಆಡ್ತೀಯಾ?" ಎಂದು ಕೇಳಿದಳು. ಹಂಗಿಸುವ ದನಿಯಲ್ಲ, ಅದೇ ಹೆಚ್ಚು ಚುಚ್ಚಿತು.

"ಹೂಂ. ನಮ್ಮ ಮಾವ ಹಾಕಿಕೊಟ್ಟಿದ್ದು," ಎಂದಳು ಇವಳು, ಬ್ಯಾಟನ್ನು ವಾಪಸು ತೆಗೆದುಕೊಳ್ಳುತ್ತಾ.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಾವ ಕೆಂಡಾಮಂಡಲವಾದರು. "ನೋಡಿದ್ರಾ ಕುತಂತ್ರ? ಆಟಕ್ಕೆ ಮೊದಲೇ ಎದೆ ಒಡೆಯೋದು! ಇವರ ಕೋಚುಗಳು ಇದನ್ನೇ ಕಲಿಸೋದು!" ಎಂದು ಅಂಪೈರಿಗೆ ಕೇಳುವಂತೆ ಕೂಗಿದರು. ನಾವು ಕೋಟಿನ ಚುಂಗು ಹಿಡಿದು ಕೂರಿಸಿದೆವು.

ನಮ್ಮ ಹುಡುಗಿ ಎದೆಗುಂದಲಿಲ್ಲ. ಎರಡು ಗೇಮು ಸೋತು ಎರಡು ಗೆದ್ದಳು. ಚೆಂಡು ರಬ್ಬರಿಗೆ ಕಚ್ಚಿಕೊಂಡು ತಿರುಗಬೇಕಾದ ಕಡೆ ಅವಳು ಭುಜವನ್ನು ಪೂರ್ತಿ ಬೀಸಿ ತಿರುಗಿಸುತ್ತಿದ್ದಳು. ರಬ್ಬರು ಮಾಡಬೇಕಾದ ಕೆಲಸವನ್ನು ಅವಳ ಮೂಳೆ ಮಾಡುತ್ತಿತ್ತು. ಐದನೆಯ ಗೇಮು, ಒಂಬತ್ತಕ್ಕೆ ಒಂಬತ್ತು. ತಗ್ಗಾಗಿ ಬಂದ ಚೆಂಡನ್ನು ಇವಳು ಕೆಳಗಿನಿಂದ ಸವರಿ ಎತ್ತಿದಳು. ಚೆಂಡು ಏಳಲಿಲ್ಲ, ಜಾರಿ ನೆಟ್ಟಿಗೆ ಬಿತ್ತು. ಮತ್ತೊಂದು ಅಂಥದೇ ಬಂತು. ಅದೂ ನೆಟ್ಟಿಗೆ. ಹನ್ನೊಂದು–ಒಂಬತ್ತು. ಅವಳು ಎದುರಾಳಿಯ ಕೈ ಕುಲುಕಿ, ಬ್ಯಾಟನ್ನು ಒರೆಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಮಾವನ ಕೈಗೆ ಕೊಟ್ಟಳು.

ಆ ಸಂಜೆಯಿಡೀ ಮಾವ ಬೈದದ್ದು ಅಂಪೈರನ್ನು, ಎದುರಾಳಿಯ ಕೋಚನ್ನು, ಕ್ರೀಡಾಂಗಣದ ದೀಪಗಳನ್ನು. ಮರುದಿನ ಬೆಳಿಗ್ಗೆ ನೆಲಮಾಳಿಗೆಗೆ ಹೋಗಿ, ಕೋಟು ತೊಡುವ ಮುಂಚೆ, ಗೋಂದಿನ ಡಬ್ಬಿ ತೆರೆಯುವ ಮುಂಚೆ, ಸ್ನಾನ ಮಾಡಿದ ಶುಭ್ರ ಕೈಯಿಂದ ಚೀಲದಲ್ಲಿದ್ದ ಆ ಬ್ಯಾಟನ್ನು ತೆಗೆದು, ಅಭ್ಯಾಸಬಲದಿಂದ ಹೆಬ್ಬೆರಳು ಎಳೆದರು. ಜಾರಿತು. ಮತ್ತೆ ಎಳೆದರು. ಜಾರಿತು. ಅವರು ಡಬ್ಬಿ ತೆರೆದು, ದಿನದ ಕೆಲಸದಲ್ಲಿ ಮೆತ್ತಿಕೊಳ್ಳುವಷ್ಟೇ ಗೋಂದು ಬೆರಳಿಗೆ ತಾಗಿಸಿ, ಕೋಟಿಗೆ ಒರೆಸಿಕೊಂಡು ಮೂರನೆಯ ಸಲ ಎಳೆದರು. ರಬ್ಬರು 'ಚರ್' ಎಂದು ಹಿಡಿಯಿತು. ಮೂವತ್ತು ವರ್ಷ, ಪ್ರತಿ ಸಂಜೆ, ಯಾರದೇ ಬ್ಯಾಟಾದರೂ, ಹಿಡಿಯುತ್ತಿದ್ದದ್ದು ಅವರ ಬೆರಳೇ.

ಅವರು ಕೆಲಸ ಬಿಟ್ಟು ತಂಗಿಯ ಮನೆಗೆ ನಡೆದರು. ಹುಡುಗಿ ಭುಜಕ್ಕೆ ಬಿಸಿನೀರಿನ ಬಟ್ಟೆ ಒತ್ತಿಕೊಂಡು ಅಡುಗೆಮನೆಯಲ್ಲಿ ಕುಳಿತಿದ್ದಳು. ಬೆರಳಿನ ಈ ಕಥೆಯನ್ನೂ ಅಲ್ಲಿ ನಡೆದ ಮಾತನ್ನೂ ಆಮೇಲೆ ಅವರೇ, ಒಂದಕ್ಷರ ಬಿಡದೆ, ಇಡೀ ಕ್ಲಬ್ಬಿನೆದುರು ಹೇಳಿದರು.

"ಯಾವಾಗಿಂದ ಸತ್ತಿದೆ ಇದು?"

"ಏಳೆಂಟು ತಿಂಗಳಾಯ್ತು ಮಾವ."

"ಬಾಯಿಗೆ ಏನಾಗಿತ್ತೇ ನಿನಗೆ? ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳೋಕೆ ಅಂತಾನೇ ಒಂದಿನ ಬಂದೆ. ನೀವು ಯಾರಿಗೋ ಹೇಳ್ತಿದ್ರಿ, ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ. ಎಲ್ಲಾರೂ ನಗ್ತಿದ್ರು. ವಾಪಸ್ ಹೋದೆ."

ಇಷ್ಟು ಹೇಳಿ ಮಾವ ನಮ್ಮ ಕಡೆ ತಿರುಗಿದರು. "ನೀವೆಲ್ಲ ಅವಳ ಬ್ಯಾಟು ಮುಟ್ಟಿದ್ರಿ. ನಿಮ್ಮ ಬೆರಳಿಗೆ ಗೋಂದು ಇರಲಿಲ್ಲ. ನಿಮಗೆ ಗೊತ್ತಿತ್ತು. ನ್ಯಾಯ ಇದೆಯಾ ಇದರಲ್ಲಿ?" ಆ ಪ್ರಶ್ನೆಯನ್ನು ಅವರು ಎಷ್ಟೋ ಸಾವಿರ ಸಲ ಕೇಳಿದ್ದರು, ಉತ್ತರ ಕೊಡಬೇಕಾಗಿ ಬಂದದ್ದು ನಮಗೆ ಅದೇ ಮೊದಲು. ನಾನು ಕಿಟಕಿ ನೋಡಿದೆ.

ಅವರು ಅವಳ ಬ್ಯಾಟಿಗೆ ಮತ್ತೆ ರಬ್ಬರು ಹಾಕಿದರು. ಅದೇ ಬಗೆಯದು, ಎರಡು ಮಿಲಿಮೀಟರಿನದು. ಆಯ್ಕೆ ತಪ್ಪಾಗಿರಲಿಲ್ಲವಲ್ಲ. ಅಂಚಿನ ಪಟ್ಟಿಯ ಮೇಲೆ ಮಾತ್ರ ರಬ್ಬರು ಅಂಟಿಸಿದ ತಾರೀಖನ್ನು ಸಣ್ಣ ಅಕ್ಷರದಲ್ಲಿ ಬರೆದರು. ಈಗಲೂ ಕ್ಲಬ್ಬಿಗೆ ಬಂದ ಕೂಡಲೇ ಮೂಲೆಯ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆಯುತ್ತಾರೆ, ಸಿಟ್ಟಿನಿಂದ ಉಜ್ಜಿ ಉಜ್ಜಿ ತೊಳೆಯುತ್ತಾರೆ. ಆಮೇಲೆ ಬ್ಯಾಟು ಕಿತ್ತುಕೊಳ್ಳುವ ಬದಲು, "ಹೇಗಿದೆ? ನಿಜ ಹೇಳು" ಎನ್ನುತ್ತಾರೆ. ಹಳೆಯ ಬೈಗುಳಕ್ಕಿಂತ ಈ ಪ್ರಶ್ನೆಗೆ ನಾವು ಹೆಚ್ಚು ಹೆದರುತ್ತೇವೆ.

ಸಾಮಾನು ಬಾಳಬೇಕೆಂದು ಹಟ ಹಿಡಿಯುವ ಇಂಥ ಮನುಷ್ಯರು ಲೋಕಕ್ಕೆ ಬೇಕು. ಅವರಿಲ್ಲದಿದ್ದರೆ ಅಂಗಡಿಯವರು ನಮ್ಮ ತಲೆಯ ಮೇಲೆ ಮೆಣಸು ಅರೆಯುತ್ತಿದ್ದರು. ಅವರ ಸಿಟ್ಟು ಹತ್ತಕ್ಕೆ ಒಂಬತ್ತು ಸಲ ಸರಿಯಾಗಿಯೇ ಇರುತ್ತದೆ. ಅದಕ್ಕೇ ಹತ್ತನೆಯ ಸಲ ಅವರೆದುರು ಬಾಯಿ ತೆರೆಯಲು ಯಾರಿಗೂ ಧೈರ್ಯವಿರುವುದಿಲ್ಲ. ನಮ್ಮಂಥ ಜಾಣರು ಹೊಸದನ್ನು ಚೀಲದಲ್ಲಿ ಬಚ್ಚಿಟ್ಟು ತಲೆಯಾಡಿಸುತ್ತೇವೆ. ಅವರನ್ನು ನಿಜವಾಗಿ ನಂಬಿದವರು, ಪ್ರೀತಿಸಿದವರು ಮಾತ್ರ, ಡೊಂಕು ನೆಲದ ಮೇಲೆ ಭುಜ ಮುರಿಯುವ ತನಕ ಕುಣಿಯುತ್ತಾರೆ, ಮತ್ತು ಸೋತ ಮೇಲೂ ಬ್ಯಾಟನ್ನು ಒರೆಸಿ, ಹಾಳೆ ಮುಚ್ಚಿ ಕೊಡುತ್ತಾರೆ.